ಡಿವಿಡೆಂಡ್ ಕೇಳುವ ಮುನ್ನ ರಾಶಿ ಯಾವುದೆಂದು ನೋಡಿ

ಕಣದಲ್ಲಿ ಬಿಳಿಜೋಳ ತೂರಿ ಒಟ್ಟಿದಾಗ ಅದು ರಾಶಿ. ಅಳೆದು ಚೀಲಕ್ಕೆ ತುಂಬಿ ಅವರವರಿಗೆ ಕೊಟ್ಟಾಗ ಪಾಲು. ಡಿವಿಡೆಂಡ್ ಎಂಬ ಶಬ್ದ ಹುಟ್ಟಿದ್ದು ರಾಶಿಯ ಹೆಸರಾಗಿ. ಲ್ಯಾಟಿನ್‌ನಲ್ಲಿ ‘ಡಿವಿಡೆರೆ’ ಎಂದರೆ ಹಂಚು, ‘ಡಿವಿಡೆಂಡುಮ್’ ಎಂದರೆ ಹಂಚಬೇಕಾದದ್ದು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ವ್ಯಾಪಾರಸ್ಥರ ಬಾಯಿಗೆ ಬಿದ್ದ ಮೇಲೆ ರಾಶಿಯ ಹೆಸರೇ ಪಾಲಿಗೂ ಅಂಟಿಕೊಂಡಿತು. ಗಣಿತ ಮಾತ್ರ ಹಳೆಯ ಅರ್ಥ ಬಿಟ್ಟಿಲ್ಲ: 600ನ್ನು 12ರಿಂದ ಭಾಗಿಸಿದರೆ 600 ಡಿವಿಡೆಂಡ್, ಸಿಗುವ 50 ಅಲ್ಲ. ನಮ್ಮ ಶಾಲೆಯ ಕನ್ನಡ ಇದರಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಗಣಿತದಲ್ಲಿ ಭಾಜ್ಯ, ಶೇರಿನಲ್ಲಿ ಲಾಭಾಂಶ; ಎರಡಕ್ಕೂ ಬೇರೆ ಬೇರೆ ಶಬ್ದ.

ಹೀಗಾಗಿ ಡಿವಿಡೆಂಡ್ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು: ಹಂಚುವ ರಾಶಿ ಯಾವುದು? ಆಮೇಲೆ: ಯಾರ್ಯಾರಿಗೆ, ಯಾವುದರ ಮೇಲೆ ಲೆಕ್ಕ ಹಾಕಿ?

ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಹೆಚ್ಚಿನವರಿಗೆ ಈ ಶಬ್ದದ ಪರಿಚಯ ಪತ್ತಿನ ಸೊಸೈಟಿಯ ವಾರ್ಷಿಕ ಸಭೆಯಲ್ಲಿ. ಸಭೆಯ ನೋಟಿಸಿನ ಜೊತೆ ಬರುವ ವರದಿಯಲ್ಲಿ ಲಾಭ ವಿಂಗಡಣೆಯ ಪುಟ ತೆಗೆಯಿರಿ. ನಿವ್ವಳ ಲಾಭ 10 ಲಕ್ಷ ರೂಪಾಯಿ ಎಂದುಕೊಳ್ಳಿ. ಮೊದಲು 25% ಕಾಯ್ದಿಟ್ಟ ನಿಧಿಗೆ, ಅಂದರೆ 2.50 ಲಕ್ಷ ಹೋಯಿತು. ಬೇರೆ ನಿಧಿಗಳಿಗೆ ತೆಗೆದ ಮೇಲೆ ಹಂಚಲು 4.80 ಲಕ್ಷ ಉಳಿಯಿತು. ಸಂಘದ ಒಟ್ಟು ಶೇರು ಬಂಡವಾಳ 40 ಲಕ್ಷ ಇದ್ದರೆ ಡಿವಿಡೆಂಡ್ 12%. ನಿಮ್ಮ ಶೇರು 5,000 ರೂಪಾಯಿಯದಾದರೆ 600 ರೂಪಾಯಿ ಬರಬೇಕು. ವರ್ಷದ ನಡುವೆ ಶೇರು ತೆಗೆದುಕೊಂಡಿದ್ದರೆ ತಿಂಗಳ ಲೆಕ್ಕದಲ್ಲಿ ಕಡಿಮೆ ಬರಬಹುದು; ಸಂಘದ ಉಪವಿಧಿ ಏನು ಹೇಳುತ್ತದೆ ಎಂದು ನೋಡಿ.

ದೊಡ್ಡ ತಪ್ಪು ಆಗುವುದು ಇಲ್ಲೇ. ಶೇರು ಠೇವಣಿಯಲ್ಲ, ಡಿವಿಡೆಂಡ್ ಬಡ್ಡಿಯಲ್ಲ. ಠೇವಣಿಯ ಬಡ್ಡಿ ಸಂಘದ ಸಾಲದಂತೆ, ಲಾಭ ಬರಲಿ ಬಿಡಲಿ ಕೊಡಲೇಬೇಕು. ಡಿವಿಡೆಂಡ್ ಲಾಭ ಇದ್ದರೆ, ಸಭೆ ಒಪ್ಪಿದರೆ ಮಾತ್ರ. ‘ಪ್ರತಿ ವರ್ಷ ಇಷ್ಟು ಡಿವಿಡೆಂಡ್ ಗ್ಯಾರಂಟಿ’ ಎಂದು ಯಾರಾದರೂ ಶೇರು ಮಾರಿದರೆ ಅಲ್ಲೇ ಎಚ್ಚರವಾಗಿ.

ಸಕ್ಕರೆ ಕಾರ್ಖಾನೆಯ ಶೇರುದಾರರೂ ಒಂದು ವಿಷಯ ಗಮನಿಸಬೇಕು. ಕಬ್ಬಿನ ಬಿಲ್ಲಿನ ಎರಡನೇ ಕಂತು ನೀವು ಕಳಿಸಿದ ಮಾಲಿನ ಬೆಲೆ, ಅದು ಡಿವಿಡೆಂಡ್ ಅಲ್ಲ.

ಬೆಳಗಾವಿ ಕಡೆ ಭಿಶಿ ಎನ್ನುವ ಚೀಟಿಯಲ್ಲಿ ರಾಶಿಯೇ ಬೇರೆ. ಅಲ್ಲಿ ಲಾಭವಿಲ್ಲ, ಸವಾಲಿನಲ್ಲಿ ಬಿಟ್ಟುಕೊಟ್ಟ ಹಣವಿದೆ. 20 ಜನ, ತಿಂಗಳಿಗೆ 5,000, ಒಟ್ಟು 1 ಲಕ್ಷದ ಚೀಟಿ. ಒಬ್ಬರು 25,000 ಬಿಟ್ಟು 75,000ಕ್ಕೆ ಎತ್ತಿದರು. ನಡೆಸುವವರ ಕಮಿಷನ್ 5,000 ಕಳೆದರೆ 20,000 ಉಳಿಯಿತು, ತಲೆಗೆ 1,000. ಆ ತಿಂಗಳು ನೀವು 4,000 ಕಟ್ಟಿದರೆ ಸಾಕು. ಆ 1,000 ಅವಸರದಲ್ಲಿದ್ದ ಇನ್ನೊಬ್ಬ ಸದಸ್ಯರ ಕೈಯಿಂದ ಬಂದದ್ದು ಎಂಬುದು ನೆನಪಿರಲಿ.

ಕಂಪನಿ ಶೇರಿನಲ್ಲಿ ಶೇಕಡಾವಾರೇ ಜನರನ್ನು ದಾರಿ ತಪ್ಪಿಸುತ್ತದೆ. ‘150% ಡಿವಿಡೆಂಡ್’ ಎಂದು ಓದಿದರೆ ಹಣ ಎರಡೂವರೆ ಪಟ್ಟಾಯಿತು ಎಂದು ತಿಳಿಯಬೇಡಿ. ಶೇಕಡಾವಾರು ಮುಖಬೆಲೆಯ ಮೇಲೆ, ಅಂದರೆ ಶೇರಿಗೆ ಕಂಪನಿ ನಿಗದಿಪಡಿಸಿದ ಮೂಲ ಬೆಲೆಯ ಮೇಲೆ; ಮಾರುಕಟ್ಟೆ ಬೆಲೆಯ ಮೇಲಲ್ಲ. ಮುಖಬೆಲೆ 2 ರೂಪಾಯಿಯಾದರೆ ಶೇರಿಗೆ 3 ರೂಪಾಯಿ, 100 ಶೇರಿಗೆ 300. ನೀವು ಶೇರಿಗೆ 600 ಕೊಟ್ಟು ಕೊಂಡಿದ್ದರೆ ನಿಮಗೆ ದಕ್ಕಿದ್ದು 0.5%.

ರೆಕಾರ್ಡ್ ಡೇಟ್ ಎಂದರೆ ಡಿವಿಡೆಂಡ್ ಯಾರಿಗೆ ಎಂದು ಕಂಪನಿ ಶೇರುದಾರರ ಪಟ್ಟಿ ನೋಡಿ ಗುರುತಿಸುವ ದಿನ. ಡಿವಿಡೆಂಡ್ ಬೇಕಾದವರು ಆ ದಿನ ಕೊಂಡರೆ ತಡವಾಯಿತು. ಕೊಂಡ ಶೇರು ಮರು ವಹಿವಾಟು ದಿನ ಖಾತೆಗೆ ಬರುವುದರಿಂದ ರೆಕಾರ್ಡ್ ಡೇಟ್ ಗುರುವಾರವಿದ್ದರೆ ಬುಧವಾರದೊಳಗೆ ಕೊಳ್ಳಬೇಕು. ನಡುವೆ ರಜೆ ಬಂದರೆ ಇನ್ನೂ ಒಂದು ದಿನ ಮೊದಲು. ಡಿವಿಡೆಂಡ್‌ಗಾಗಿಯೇ ಹೀಗೆ ಕೊನೆಯ ದಿನ ಓಡಿ ಕೊಳ್ಳುವುದರಲ್ಲಿ ಗಳಿಕೆ ಕಡಿಮೆ. ಮರುದಿನ ಶೇರಿನ ಬೆಲೆಯೂ ಸಾಮಾನ್ಯವಾಗಿ ಅಷ್ಟರಮಟ್ಟಿಗೆ ಇಳಿಯುತ್ತದೆ.

ಘೋಷಿಸಿದ 30 ದಿನದೊಳಗೆ ಹಣ ಬರಬೇಕು. ಬಾರದಿದ್ದರೆ ಶೇರು ಇಡುವ ಡಿಮ್ಯಾಟ್ ಖಾತೆಗೆ ಜೋಡಿಸಿದ ಬ್ಯಾಂಕ್ ವಿವರ ನೋಡಿ. ಬ್ಯಾಂಕ್‌ಗಳು ವಿಲೀನವಾದಾಗ ಐಎಫ್‌ಎಸ್‌ಸಿ ಕೋಡ್ ಬದಲಾಗುತ್ತದೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿದ ಮೇಲೂ ಹಳೆಯ ಕೋಡ್ ಉಳಿಸಿಕೊಂಡವರ ಹಣ ಖಾತೆಗೆ ತಲುಪುವುದಿಲ್ಲ. ಪಾವತಿಯಾಗದ ಹಣವನ್ನು ಕಂಪನಿ ಪ್ರತ್ಯೇಕ ಖಾತೆಯಲ್ಲಿ 7 ವರ್ಷ ಇಡುತ್ತದೆ. ಅಷ್ಟರೊಳಗೆ ಕಂಪನಿಯ ಶೇರು ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ ಫೋಲಿಯೊ (ಕಾಗದದ ಶೇರಿನ ಖಾತೆ) ಅಥವಾ ಡಿಮ್ಯಾಟ್ ಸಂಖ್ಯೆ, ಪ್ಯಾನ್, ರದ್ದುಪಡಿಸಿದ ಚೆಕ್ ಕಳಿಸಿ ಕೇಳಿ. 7 ವರ್ಷ ದಾಟಿದರೆ ಹಣ ಕೇಂದ್ರದ ಹೂಡಿಕೆದಾರರ ರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತದೆ. ಸತತ 7 ವರ್ಷ ಡಿವಿಡೆಂಡ್ ಪಡೆಯದಿದ್ದರೆ ಶೇರುಗಳೂ ಅದರ ಹಿಂದೆಯೇ ಹೋಗುತ್ತವೆ. ಆಮೇಲೂ ವಾಪಸ್ ಪಡೆಯಬಹುದು, ಐಇಪಿಎಫ್-5 ಎಂಬ ಅರ್ಜಿ ತುಂಬಬೇಕು. ಮನೆಯ ಹಿರಿಯರ ಹಳೆಯ ಶೇರು ಪತ್ರ ಟ್ರಂಕಿನಲ್ಲಿದ್ದರೆ ಫೋಲಿಯೊ ಸಂಖ್ಯೆ ಬರೆದುಕೊಂಡು ಈ ನಿಧಿಯ ವೆಬ್‌ಸೈಟಿನಲ್ಲಿ ಅವರ ಹೆಸರು ಹುಡುಕಿ.