ಹಳೆಯ ರಿಮ್‌ಗೆ ಯಾವ ಟೈರ್? ಬೀಟಲ್‌ನೊಂದಿಗೆ ನನ್ನ ಅನುಭವ

ನನ್ನ 1965ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರ್ಖಾನೆಯಿಂದ ಬಂದ ಉಕ್ಕಿನ ಚಕ್ರಗಳ ಮೇಲೆಯೇ ಓಡಬೇಕು ಎಂಬುದು ನನ್ನ ಹಟ. ಟೈರ್ ಮಾತ್ರ ಹೊಸದು ಬೇಕಿತ್ತು. ಹಳೆಯದರ ಮೇಲೆ 5.60-15 ಎಂದು ಬರೆದಿತ್ತು. 5.60 ಎಂದರೆ ಇಂಚಿನಲ್ಲಿ ಟೈರ್‌ನ ಅಗಲ, 15 ಎಂದರೆ ರಿಮ್‌ನ ವ್ಯಾಸ. ಎತ್ತರದ ಸುದ್ದಿಯೇ ಇಲ್ಲ. ಆ ಕಾಲದ ಕ್ರಾಸ್‌ಪ್ಲೈ (ಒಳಗಿನ ನೂಲಿನ ಪದರಗಳು ಒಂದನ್ನೊಂದು ಓರೆಯಾಗಿ ದಾಟುವ) ಟೈರ್‌ನ ಪಕ್ಕದ ಗೋಡೆ ಹೆಚ್ಚುಕಡಿಮೆ ಅದರ ಅಗಲದಷ್ಟೇ ಎತ್ತರವಿರುತ್ತಿದ್ದುದರಿಂದ ಅದನ್ನು ಬೇರೆಯಾಗಿ ಬರೆಯುವ ಗರಜೇ ಇರಲಿಲ್ಲ.

ಕೇಳಿದವರಲ್ಲಿ ಹೆಚ್ಚಿನವರ ಸಲಹೆ ಒಂದೇ: ‘ಹದಿನೈದು ಇಂಚು ತಾನೇ, 195/65 ಆರ್ 15 ಹಾಕಿಬಿಡಿ.’ ಇಲ್ಲಿ 195 ಎಂದರೆ ಮಿ.ಮೀ.ನಲ್ಲಿ ಅಗಲ, 65 ಎಂದರೆ ಎತ್ತರವು ಅಗಲದ ಶೇಕಡಾ ಎಷ್ಟು ಎಂಬುದು, ಆರ್ ಎಂದರೆ ರೇಡಿಯಲ್, ಅಂದರೆ ಒಳಗಿನ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುವ ಇಂದಿನ ಬಗೆ. ವ್ಯಾಸ ಹೊಂದಿದರೆ ಸಾಕು ಎಂಬ ಈ ನಂಬಿಕೆಯೇ ಹಳೆಯ ಕಾರುಗಳ ನಡಿಗೆ ಕೆಡಿಸುತ್ತದೆ. ರಿಮ್ಮಿಗೆ ಅಗಲವೂ ಇದೆ. ನನ್ನದರ ಬಣ್ಣ ಕೆರೆದಾಗ 4ಜೆ ಎಂಬ ಮುದ್ರೆ ಸಿಕ್ಕಿತು, ಅಂದರೆ ನಾಲ್ಕು ಇಂಚು. ಮುದ್ರೆ ಅಳಿಸಿಹೋಗಿದ್ದರೆ ಟೈರ್‌ನ ಅಂಚು ಒರಗುವ ಎರಡು ಒಳಗೋಡೆಗಳ ನಡುವಿನ ಅಂತರವನ್ನು ಅಳೆಯಬೇಕು; ಹೊರ ಅಂಚುಗಳನ್ನು ಹಿಡಿದು ಅಳೆದರೆ ಲೆಕ್ಕ ಹೆಚ್ಚು ಬರುತ್ತದೆ.

195/65ಕ್ಕೆ ಕನಿಷ್ಠ ಐದೂವರೆ ಇಂಚಿನ ರಿಮ್ ಬೇಕು. ನಾಲ್ಕು ಇಂಚಿನದಕ್ಕೆ ತುರುಕಿದರೆ ಟೈರ್‌ನ ಬುಡ ಹಿಸುಕಿಕೊಂಡು ಹೊಟ್ಟೆ ಹೊರಗೆ ಉಬ್ಬುತ್ತದೆ, ತಿರುವಿನಲ್ಲಿ ಕಾರು ಹೊಯ್ದಾಡುತ್ತದೆ. ಮಡ್‌ಗಾರ್ಡ್ ತುಂಬಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ನಾನು ಕಾರು ಕೊಂಡಿದ್ದು ನಿಲ್ಲಿಸಿ ನೋಡುವುದಕ್ಕಲ್ಲ.

ಆಮೇಲೆ ಹೊರವ್ಯಾಸದ ಲೆಕ್ಕಕ್ಕೆ ಕುಳಿತೆ. ಹಳೆಯ 5.60-15ರದ್ದು ಸುಮಾರು 650 ಮಿ.ಮೀ. 195ರ ಶೇ. 65 ಎಂದರೆ 126.75, ಅದರ ಎರಡರಷ್ಟಕ್ಕೆ ರಿಮ್‌ನ 381 ಸೇರಿಸಿದರೆ 634.5. ಇನ್ನೊಂದು ಆಯ್ಕೆ 165 ಆರ್ 15. ಹೀಗೆ ಎತ್ತರದ ಅಂಕಿಯೇ ಇಲ್ಲದ ರೇಡಿಯಲ್‌ಗಳಿಗೆ ಶೇ. 82 ಎಂದು ಹಿಡಿಯುವುದು ರೂಢಿ. ಲೆಕ್ಕ ಹಾಕಿದರೆ 651.6 ಬರುತ್ತದೆ. ಹೊರವ್ಯಾಸ ಕುಗ್ಗಿದರೆ ಸ್ಪೀಡೋಮೀಟರ್ ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ, ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. 165 ನಾಲ್ಕು ಇಂಚಿನ ರಿಮ್ಮಿಗೂ ಒಗ್ಗುತ್ತದೆ. ಅದನ್ನೇ ಆರಿಸಿದೆ.

ಕ್ರಾಸ್‌ಪ್ಲೈ ಇಂದಿಗೂ ಸಿಗುತ್ತದೆ, ನೋಟಕ್ಕೆ ಅದೇ ಸರಿ. ಆದರೆ ರಸ್ತೆಯ ಗೀರು, ಜಾಡುಗಳನ್ನೆಲ್ಲ ಹಿಂಬಾಲಿಸುವ ಅದರ ಗುಣ ನನಗೆ ಬೇಡವಾಗಿತ್ತು. ಸ್ಟೆಪ್ನಿಯೂ ಸೇರಿ ಐದಕ್ಕೆ ಐದೂ ರೇಡಿಯಲ್ ಹಾಕಿಸಿದೆ. ಒಂದೇ ಆಕ್ಸಲ್‌ನ ಎರಡು ಬದಿಗೆ ಎರಡು ಬಗೆಯ ಟೈರ್ ಇರಲೇಬಾರದು.

ಕೊಳ್ಳುವಾಗ ಟೈರ್‌ನ ಪಕ್ಕದ ಗೋಡೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದೆ. ಭಾರದ ಸೂಚ್ಯಂಕ 86 ಇದ್ದರೆ ಒಂದು ಟೈರ್ 530 ಕೆ.ಜಿ. ಹೊರಬಲ್ಲದು, ಹಿಂಬದಿಯಲ್ಲಿ ಎಂಜಿನ್ ಇರುವ ಕಾರಿಗೆ ಇದನ್ನು ನೋಡದೆ ಬಿಡುವಂತಿಲ್ಲ. ತಯಾರಿಕೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಇಂಥ ಅಳತೆಗಳಿಗೆ ಗಿರಾಕಿಗಳು ಕಡಿಮೆ, ಟೈರ್‌ಗಳು ಗೋದಾಮಿನಲ್ಲೇ ಮುದಿಯಾಗುತ್ತವೆ. ರಸ್ತೆಗೆ ತಾಗುವ ತುಳಿಪಟ್ಟಿ ಹೊಚ್ಚಹೊಸದಾಗಿ ಕಂಡರೂ ರಬ್ಬರ್ ಗಡುಸಾಗಿರಬಹುದು.

ಟ್ಯೂಬ್ ಬಿಡಲಿಲ್ಲ. ಗಾಳಿ ಇಳಿದಾಗ ಟೈರ್‌ನ ಅಂಚು ಜಾರದಂತೆ ತಡೆಯುವ ಸಣ್ಣ ಉಬ್ಬು ಈ ಹಳೆಯ ರಿಮ್‌ಗಳಲ್ಲಿಲ್ಲ. ಟ್ಯೂಬ್ ರೇಡಿಯಲ್‌ಗೆ ತಕ್ಕದ್ದಾಗಿರಬೇಕು, ಟೈರ್‌ನ ಒಳಮೈ ನುಣುಪಾಗಿರಬೇಕು. ಒರಟು ಗೆರೆಗಳಿದ್ದರೆ ಅವು ಟ್ಯೂಬನ್ನು ಉಜ್ಜಿ ಉಜ್ಜಿ ಸವೆಸುತ್ತವೆ.

ಜೋಡಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಹಿಂದಿನ ಸೀಟಿನಲ್ಲಿ ಜನರನ್ನು ಕೂರಿಸಿ, ಎಲ್ಲಿಯೂ ತಾಗುವುದಿಲ್ಲ ಎಂದು ನೋಡಿಕೊಂಡೆ. ಕಾರಿನ ಕೈಪಿಡಿಯಲ್ಲಿರುವ ಗಾಳಿಯ ಒತ್ತಡ ಕ್ರಾಸ್‌ಪ್ಲೈ ಕಾಲದ್ದು. ರೇಡಿಯಲ್‌ಗೆ ತುಸು ಹೆಚ್ಚು ಬೇಕು. ಮುಂದಿನವಕ್ಕೆ 18, ಹಿಂದಿನವಕ್ಕೆ 27 ಪೌಂಡ್ ಇಟ್ಟಿದ್ದೇನೆ.