ಮರಿ ಬಿಟ್ಟ ಮೇಲಿನ ಕುಚ್ಚು ಮೀನು: ಮಲೆನಾಡಿನ ಕೆರೆಗಳಲ್ಲಿ ಹುಡುಕುವ ಮತ್ತು ಹಿಡಿಯುವ ಕ್ರಮ

ಮೃಗಶಿರ, ಆರಿದ್ರಾ ಮಳೆಗೆ ಹೊಳೆ ಕೆರೆಗಳಿಂದ ಗದ್ದೆಯತ್ತ ಏರಿ ಬರುವ ಹತ್ತುಮೀನಿನ ಸಡಗರವನ್ನು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಆದರೆ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನಿಗೆ, ಬಿದಿರಿನಿಂದ ಹೆಣೆದ ಬಲೆಬುಟ್ಟಿಯಾದ ಕೂಣಿಯೊಡ್ಡಿದರೆ ಮುಂದಿನ ವರ್ಷದ ಮೀನನ್ನೂ ಅಂದೇ ಹಿಡಿದು ಮುಗಿಸಿದಂತೆ. ಜಲಾಶಯಗಳಲ್ಲಿ ಮುಂಗಾರಿನ ಮೊದಲ ತಿಂಗಳುಗಳಲ್ಲಿ ಮೀನು ಹಿಡಿಯುವುದನ್ನು ಸರ್ಕಾರ ನಿಷೇಧಿಸುವುದೂ ಇದೇ ಕಾರಣಕ್ಕೆ. ಗಾಳ ಹಾಕುವವರಿಗೆ ಒಳ್ಳೆಯ ಕಾಲ ಬರುವುದು ಆಮೇಲೆ, ಉತ್ತರೆ ಮಳೆಯಿಂದ ದೀಪಾವಳಿ ಕಳೆಯುವವರೆಗೆ.

ಪೇಟೆಯಲ್ಲಿ ಮುರಲ್ ಎಂದೂ ಕೆಲವೆಡೆ ಕೊರವ ಎಂದೂ ಕರೆಯುವ ಕುಚ್ಚು ಮೀನು ಮರಿಗಳನ್ನು ಕಾಯುವ ಮೀನು. ಜೊಂಡು, ಹುಲ್ಲುಗಳ ನಡುವಿನ ತೆಳುನೀರಿನಲ್ಲಿ ಅದು ಮೊಟ್ಟೆಯಿಡುತ್ತದೆ. ಮೊಟ್ಟೆಗಳು ನೀರಿನ ಮೇಲೆ ತೇಲುತ್ತವೆ, ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಕೆಂಪು ಬಣ್ಣದ ಮರಿಗಳು ಗುಂಪುಗಟ್ಟಿ ಉಸಿರಿಗೆಂದು ಮೇಲೆ ಬರುವಾಗ ಆ ಜಾಗದಲ್ಲಿ ಮಾತ್ರ ಸೋನೆ ಬಿದ್ದಂತೆ ನೀರು ಮಿಡುಕುತ್ತದೆ. ಅದರ ಕೆಳಗೆ ತಾಯಿತಂದೆ ಇದ್ದೇ ಇರುತ್ತವೆ. ಅಲ್ಲಿಗೆ ಏನನ್ನು ಎಸೆದರೂ ಅವು ಹಸಿವಿನಿಂದಲ್ಲ, ಸಿಟ್ಟಿನಿಂದ ಕಚ್ಚುತ್ತವೆ. ಆದ್ದರಿಂದ ಹಿಡಿಯುವುದು ಬಹಳ ಸುಲಭ. ಹಾಗೆ ಹಿಡಿಯಲೇಬಾರದು. ಕಾವಲು ತಪ್ಪಿದ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಕೆರೆಗೆ ಹೋದೊಡನೆ ಗಾಳ ಬಿಚ್ಚದೆ ಕಾಲು ಗಂಟೆ ಏರಿಯ ಮೇಲೆ ನಿಂತು ನೀರನ್ನು ನೋಡಿ, ಕೆಂಪು ಮರಿಗಳ ಗುಂಪು ಕಂಡರೆ ಆ ಮೂಲೆಯನ್ನು ಬಿಟ್ಟು ನಡೆಯಿರಿ.

ಮರಿಗಳು ಬೇರೆಯಾದ ಮೇಲೆ ದೊಡ್ಡ ಮೀನು ಹಸಿದಿರುತ್ತದೆ. ಅದೇ ಹೊತ್ತಿಗೆ ಮಲೆನಾಡಿನಲ್ಲಿ ನೀರೂ ಹಿಂದೆ ಸರಿಯತೊಡಗುತ್ತದೆ, ಮತ್ತು ಮೀನನ್ನು ಹುಡುಕುವವರು ಹಿಡಿಯಬೇಕಾದ ಜಾಡು ಇದೊಂದೇ. ಭೂಮಿ ಹುಣ್ಣಿಮೆಯ ಸುಮಾರಿಗೆ, ಭತ್ತ ಹೊಡೆಯಾಗಿ ತೆನೆ ಬಿಡುವ ಕಾಲಕ್ಕೆ, ಮಳೆ ಕಡಿಮೆಯಾಗಿ ಗದ್ದೆಯ ನೀರು ಬಸಿಗಾಲುವೆಗಳ ಮೂಲಕ ಇಳಿಯುತ್ತದೆ. ಸಣ್ಣ ಮೀನು, ಕಪ್ಪೆಮರಿ, ಹುಳುಗಳು ಅದರೊಡನೆ ಇಳಿಯುತ್ತವೆ. ಕಾಲುವೆ ಕೆರೆಗೆ ಸೇರುವ ಬಾಯಿ, ಕೋಡಿಯ ಕೆಳಗಿನ ಗುಂಡಿ, ತೂಬಿನ ಪಕ್ಕದ ಕಲ್ಲುಕಟ್ಟು ಮತ್ತು ಅಂತರಗಂಗೆಯ ಹಾಸು ತೆರೆದ ನೀರಿಗೆ ತಾಗುವ ಅಂಚು ಮೊದಲು ನೋಡಬೇಕಾದ ಜಾಗಗಳು. ಇವುಗಳಲ್ಲಿ ಕಾಲುವೆ ಬಾಯಿಗಿಂತ ಮಿಗಿಲಾದದ್ದನ್ನು ನಾನು ಕಂಡಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯಂತಹ ಜಲಾಶಯದ ಹಿನ್ನೀರಿನಲ್ಲಾದರೆ, ಮಳೆಗಾಲದಲ್ಲಿ ಏರಿದ ನೀರು ವಿದ್ಯುತ್ ಉತ್ಪಾದನೆಗೆ ಬಿಟ್ಟಂತೆಲ್ಲ ಇಳಿಯುತ್ತ ಹೋಗುವುದರಿಂದ, ಕಳೆದ ವಾರ ಮೀನು ಸಿಕ್ಕ ಹುಲ್ಲಿನ ದಡ ಈ ವಾರ ಒಣಗಿರಬಹುದು. ಅಲ್ಲಿ ನೀರಿನ ಜೊತೆಗೇ ಕೆಳಗಿಳಿದು, ಮುಳುಗಿದ ಮರಗಳ ಬೊಡ್ಡೆಗಳ ಸುತ್ತ ಹುಡುಕಬೇಕು.

ಕುಚ್ಚು ಗಾಳಿಯನ್ನು ನೇರವಾಗಿ ಉಸಿರಾಡುವ ಮೀನಾದ್ದರಿಂದ ಆಗಾಗ ಮೇಲೆ ಬಂದೇ ತೀರಬೇಕು. ಬೆಳಗಿನ ಮಂಜಿನಲ್ಲಿ ‘ಗುಳುಕ್’ ಎಂಬ ಸದ್ದು ಮತ್ತು ನಿಧಾನವಾಗಿ ಹರಡುವ ಒಂದೇ ಬಳೆ ಕಂಡರೆ ಅದು ಅಲ್ಲಿದೆ ಎಂದರ್ಥ. ಬಿಸಿಲೇರುವ ಮೊದಲು ಮತ್ತು ಸಂಜೆ ದನ ಮರಳುವ ಹೊತ್ತು ಸೂಕ್ತ. ಚಳಿ ಬಲಿತ ಮೇಲೆ ಮೀನು ಜಡವಾಗುತ್ತದೆ, ಆಗ ನಡುಹಗಲೇ ಲೇಸು.

ವಾಟೆ ಬಿದಿರಿನ ಕೋಲು, ಗಟ್ಟಿ ತಂಗೂಸಿ (ಗಾಳದ ನೈಲಾನ್ ದಾರ), ಎರೆಹುಳು ಇದ್ದರೂ ಸಾಕು. ಬೆಂಡನ್ನು ಎರಡು ಅಡಿಗಿಂತ ಆಳಕ್ಕೆ ಕಟ್ಟಬೇಡಿ. ಗಿಡಗಳ ನಡುವೆ ಮಾತ್ರ ರಬ್ಬರ್ ಕಪ್ಪೆಯೇ ವಾಸಿ, ಏಕೆಂದರೆ ಅದರ ಜೋಡಿ ಕೊಕ್ಕೆ ಮೈಗೆ ಒತ್ತಿಕೊಂಡಿರುವುದರಿಂದ ಬಳ್ಳಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚುವುದು ನನಗೆ ಒಪ್ಪಿಗೆಯಿಲ್ಲ, ಅದರ ಅಗತ್ಯವೂ ಇಲ್ಲ. ರಬ್ಬರ್ ಕಪ್ಪೆಗೆ ಬಾಗದ ಕೋಲು ಮತ್ತು 30ರಿಂದ 50 ಪೌಂಡ್ ತಡೆಯುವ ಹೆಣೆದ ದಾರ ಇರಲಿ. ಮೀನಿದೆ ಎನಿಸಿದ ಜಾಗದ ಮೇಲಕ್ಕೇ ಎಸೆಯದೆ, ಅದನ್ನು ದಾಟಿಸಿ ಎಲೆಗಳ ಮೇಲೆ ಎಸೆದು, ನಾಲ್ಕು ಗೇಣು ಎಳೆದು ನಿಲ್ಲಿಸಿ, ಮತ್ತೆ ಎಳೆಯಿರಿ. ಹಾಸಿನ ಬಿರುಕು ಸಿಕ್ಕಲ್ಲಿ ಹೆಚ್ಚು ಹೊತ್ತು ನಿಲ್ಲಿಸಿ. ನೀರು ಚಿಮ್ಮಿದ ಕ್ಷಣಕ್ಕೆ ಕೋಲನ್ನು ಎಗರಿಸುವುದೇ ಹೆಚ್ಚಿನವರು ಮಾಡುವ ತಪ್ಪು, ಏಕೆಂದರೆ ಆಗ ಕಪ್ಪೆ ಇನ್ನೂ ತುಟಿಯಲ್ಲಿರುತ್ತದೆ. ದಾರ ಬಿಗಿದು ಕೈಗೆ ಭಾರ ತಾಗುವವರೆಗೆ ತಡೆದು, ಆಮೇಲೆ ಬಲವಾಗಿ ಎಳೆದು, ಬೇರಿನೊಳಗೆ ನುಗ್ಗಲು ಬಿಡದೆ ದಡಕ್ಕೆ ತನ್ನಿ.

ಊರ ಕೆರೆಯ ಮೀನು ಗುತ್ತಿಗೆಗೆ ಹೋಗಿರುವುದು ಸಾಮಾನ್ಯ, ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಬೇಕು. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಂತಹ ಮತ್ಸ್ಯಧಾಮಗಳಲ್ಲೂ ಅಭಯಾರಣ್ಯದ ಒಳಗೂ ಗಾಳ ಹಾಕುವಂತಿಲ್ಲ.

ಕುಚ್ಚಿನ ಹಲ್ಲು ಚೂಪಾಗಿರುವುದರಿಂದ ಕೊಕ್ಕೆಯನ್ನು ಬೆರಳಿನಿಂದಲ್ಲ, ಇಕ್ಕುಳದಿಂದ ಬಿಡಿಸಿ. ಸಣ್ಣದನ್ನು ಕೈ ಒದ್ದೆ ಮಾಡಿಕೊಂಡು ಹಿಡಿದು ನೀರಿಗೆ ಬಿಡಿ. ಮನೆಗೆ ಒಯ್ಯುವುದಾದರೆ, ನೀರಿಲ್ಲದೆಯೂ ಗಂಟೆಗಟ್ಟಲೆ ಬದುಕುವ ಈ ಮೀನನ್ನು ಚೀಲದಲ್ಲಿ ಒದ್ದಾಡಲು ಬಿಡದೆ, ತಲೆಗೆ ಒಂದೇ ಗಟ್ಟಿ ಏಟು ಕೊಟ್ಟು ಅಲ್ಲೇ ಕೊಂದು, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿ.