ಆತ್ಮರಕ್ಷಣೆ ಕಾನೂನಿನಲ್ಲಿ ಜನಾಂಗೀಯ ತಾರತಮ್ಯ: ಪತ್ತೆ ಹಚ್ಚುವುದು ಹೇಗೆ?

ಅಮೆರಿಕದಲ್ಲಿ ‘ಆತ್ಮರಕ್ಷಣೆಗೆ ಕೊಂದೆ’ ಎಂಬ ವಾದ ಬಿಳಿಯರಿಗೂ ಕಪ್ಪುವರ್ಣೀಯರಿಗೂ ಒಂದೇ ಥರ ನಡೆಯುತ್ತದೆಯೇ? ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ, ಪೊಲೀಸರಿಂದ ಕೊಲೆಗಳ ವಿವರ ಕಲೆಹಾಕುವ ‘ಪೂರಕ ನರಹತ್ಯೆ ವರದಿ’ಯಿಂದ ಶುರು ಮಾಡಿ. ಕೊಂದವರು, ಸತ್ತವರು ಇಬ್ಬರ ಜನಾಂಗವನ್ನೂ ಜೋಡಿಸಿ 4 ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ‘ಸಮರ್ಥನೀಯ’ (ಅಂದರೆ ಅಪರಾಧವಲ್ಲದ ಕೊಲೆ) ಎಂದು ದಾಖಲಾದವು ಶೇಕಡಾ ಎಷ್ಟು ನೋಡಿ. ಕೊಂದವರ ಜನಾಂಗವನ್ನಷ್ಟೇ ಹಿಡಿದರೆ ಲೆಕ್ಕ ದಾರಿ ತಪ್ಪುತ್ತದೆ: ಬಹುಪಾಲು ಕೊಲೆಗಳು ಒಂದೇ ಜನಾಂಗದೊಳಗೆ ನಡೆಯುವುದರಿಂದ ಅಡ್ಡಜೋಡಿಗಳ (ಕೊಂದವರು ಒಂದು ಜನಾಂಗ, ಸತ್ತವರು ಇನ್ನೊಂದು) ಅಂತರ ಅದರಲ್ಲಿ ಮುಚ್ಚಿಹೋಗುತ್ತದೆ. ಬಳಿಕ ಆಯುಧ, ಇಬ್ಬರ ನಡುವಿನ ಪರಿಚಯದ ಪ್ರಕಾರ ವಿಂಗಡಿಸಿ.

ಜಗಳ ತೆಗೆದವರು ಯಾರು, ಘಟನೆ ಮನೆಯೊಳಗೋ ಬೀದಿಯಲ್ಲೋ ಎಂಬುದು ವರದಿಯಲ್ಲಿ ಇರುವುದೇ ಇಲ್ಲ. ಅದಕ್ಕೆ ಪೊಲೀಸ್, ಕೋರ್ಟ್ ಕಡತಗಳೇ ಗತಿ. ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ. ಅಪಾಯ ಎದುರಾದಾಗ ಹಿಂದೆ ಸರಿಯಬೇಕಿಲ್ಲ, ಎದುರಿಸಬಹುದು ಎನ್ನುವ ಫ್ಲಾರಿಡಾದ 2005ರ ‘ಸ್ಟ್ಯಾಂಡ್ ಯುವರ್ ಗ್ರೌಂಡ್’ ಕಾನೂನನ್ನು ನೋಡುವುದಾದರೆ, 2017ರ ಹಿಂದಿನ ಮತ್ತು ನಂತರದ ಕೇಸುಗಳನ್ನು ಬೆರೆಸಬೇಡಿ. ಆತ್ಮರಕ್ಷಣೆಯ ಆಧಾರದಲ್ಲಿ ಕೇಸನ್ನೇ ಕೈಬಿಡಬೇಕೇ ಎಂದು ವಿಚಾರಣೆಗೆ ಮುನ್ನ ಕೋರ್ಟ್ ತೀರ್ಮಾನಿಸುವ ವಿನಾಯಿತಿ ಹಂತದಲ್ಲಿ ರುಜುವಾತಿನ ಹೊರೆ ಆ ವರ್ಷ ಪ್ರಾಸಿಕ್ಯೂಷನ್ ಮೇಲೆ ಬಿತ್ತು.